ನರದ ಸುದ್ದಿ ಹಿಡಿಯುವ ಉಂಗುರ

ಮಸ್ಕಿಯಲ್ಲಿ ನಮ್ಮದು ಪತ್ತಾರಿಕೆಯ ಮನೆ, ಬೆಳ್ಳಿ ಬಂಗಾರದ ಕೆಲಸ. ಮುಂದಿನ ಕೋಣೆಯೇ ಅಂಗಡಿ, ನಡುವೆ ಒಂದು ಪರದೆ, ಅದರಾಚೆ ಅಡುಗೆಮನೆ. ಅಂಗಡಿಯಲ್ಲಿ ನಾನು ಕೂಡುತ್ತಿದ್ದೆ. ಪರದೆಯ ಹಿಂದೆ ನನ್ನ ಹೆಂಡತಿ ಬೆಳ್ಳಿ ತಂತಿ ಹೆಣೆದು ಕಾಲುಚೈನು ಮಾಡುತ್ತಿದ್ದಳು. ಅವಳ ತವರು ಲಿಂಗಸುಗೂರು. ಅವಳಪ್ಪನೂ ಪತ್ತಾರ, ಗಂಡುಮಕ್ಕಳಿಲ್ಲದ್ದಕ್ಕೆ ಕಸಬನ್ನೆಲ್ಲ ಮಗಳಿಗೇ ಕಲಿಸಿದ್ದ. ಅವಳು ಹೆಣೆದ ಚೈನು ನೋಡಿ ಗಿರಾಕಿಗಳು, "ಏನ್ ಕೈ ಅದಾವ್ರೀ ನಿಮ್ಮವು!" ಅಂದರೆ ನಾನು ಸುಮ್ಮನೆ ನಗುತ್ತಿದ್ದೆ. ಹತ್ತು ವರ್ಷ ಹಾಗೇ ನಕ್ಕಿದ್ದೇನೆ. ಆಗ ನನಗೆ ಹೊಟ್ಟೆಕಿಚ್ಚು ಅಂದರೇನೆಂದು ಗೊತ್ತಿರಲಿಲ್ಲ. ಹೊಗಳಿಕೆ ನನಗೇ ಸಲ್ಲುತ್ತಿತ್ತಲ್ಲ.

ತೊಂಬತ್ತರ ಆಚೀಚೆ ಇರಬೇಕು, ಸಿಂಧನೂರಿನಿಂದ ಒಬ್ಬ ಡಾಕ್ಟರು ಮೋಟರ್‌ಸೈಕಲ್ ಮೇಲೆ ಬಂದರು. ಮೈಸೂರು ಕಡೆಯವರು, ನರಗಳ ರೋಗ ನೋಡುತ್ತಿದ್ದರು. ಜೇಬಿನಿಂದ ಒಂದು ಕಾಗದದ ಪೊಟ್ಟಣ ಬಿಚ್ಚಿದರು. ಒಳಗೆ ಗುಂಡಿಯಷ್ಟು ಚಿಕ್ಕ ಬೆಳ್ಳಿ ಬಿಲ್ಲೆ, ಅದಕ್ಕೆ ಬೆಸೆದ ವೈರು.

"ಇದನ್ನ ಬೆರಳಿಗೆ ಹಚ್ಚಿ, ಮಣಿಕಟ್ಟಿನಲ್ಲಿ ಸಣ್ಣ ಕರೆಂಟು ಕೊಡ್ತೀವಿ," ಅಂದರು. "ನರ ಬದುಕಿದ್ರೆ ಆ ಸುದ್ದಿ ಬೆರಳಿನವರೆಗೂ ಓಡಿ ಬರುತ್ತೆ. ಬಹಳ ಸಣ್ಣ ಸುದ್ದಿ. ಇದು ಅದನ್ನ ಹಿಡಿದು ಮಷೀನಿಗೆ ಮುಟ್ಟಿಸುತ್ತೆ. ಆದ್ರೆ ಮಕ್ಕಳ ಬೆರಳಿಗೆ ಇದು ಕೂರಲ್ಲ, ಜಾರುತ್ತೆ. ತೆಳ್ಳಗೆ, ಮೆತ್ತಗೆ, ಬೆರಳು ಹೇಗೆ ಬಾಗುತ್ತೋ ಹಾಗೆ ಬಾಗೋದು ಬೇಕು."

ನಾನು ಎರಡು ದಿನ ಕೂತು ತೆಳುವಾದ ಉಂಗುರಗಳನ್ನು ಮಾಡಿದೆ. ಕನ್ನಡಿಯಂತೆ ಹೊಳೆಯುತ್ತಿದ್ದವು. ವಾರದ ಮೇಲೆ ಡಾಕ್ಟರು ವಾಪಸು ತಂದರು. "ನೋಡೋಕೆ ಚೆನ್ನಾಗಿದೆ. ಆದ್ರೆ ಚರ್ಮಕ್ಕೆ ಎರಡೇ ಕಡೆ ತಾಗುತ್ತೆ."

ಆಗ ಪರದೆಯ ಹಿಂದಿನಿಂದ ಅವಳ ದನಿ ಬಂತು. "ಹೆಣದರ ನಡೀತೈತೇನ್ರೀ? ಕೂದಲೆಳಿಯಂಥ ತಂತಿ ತಗೊಂಡು?"

ಡಾಕ್ಟರು ಪರದೆಯತ್ತ ತಿರುಗಿದರು. "ಯಾರು, ನಿಮ್ಮ ಮನೆಯವರಾ? ಅವರಿಗೂ ಕೆಲಸ ಬರುತ್ತಾ?"

"ಸ್ವಲ್ಪ," ಅಂದೆ.

ಆ 'ಸ್ವಲ್ಪ' ಅವಳಿಗೂ ಕೇಳಿಸಿತು.

ಅವಳು ಸಾಚಾ ಬೆಳ್ಳಿಯನ್ನು ಕೂದಲಷ್ಟು ತೆಳ್ಳಗೆ ಎಳೆದಳು. ಅದನ್ನು ಜಡೆಯಂತೆ ಹೆಣೆದು ಪಟ್ಟಿ ಮಾಡಿದಳು. ನಮ್ಮ ಕಿರಿ ಮಗಳ ಬೆರಳಿಗೆ ಸುತ್ತಿ, "ಮಡಚವ್ವಾ," ಅಂದಳು. ಮಗಳು ಬೆರಳು ಮಡಚಿದಳು, ಬಿಚ್ಚಿದಳು. ಪಟ್ಟಿ ಚರ್ಮ ಬಿಟ್ಟು ಕದಲಲಿಲ್ಲ.

ಡಾಕ್ಟರು ನಮ್ಮಿಬ್ಬರನ್ನೂ ಸಿಂಧನೂರಿಗೆ ಕರೆಸಿದರು. ಸಾಲಗುಂದದಿಂದ ಒಬ್ಬ ಹುಡುಗಿಯನ್ನು ಅವಳವ್ವ ಕರೆತಂದಿದ್ದಳು. ಒಂಬತ್ತೋ ಹತ್ತೋ ವಯಸ್ಸು. ತೋಳಿನ ಮೇಲೆ ಬಿಳಚಿದ ಮಚ್ಚೆ, ಕಿರುಬೆರಳಿಗೆ ಬಿಸಿ ತಂಪು ತಿಳಿಯುತ್ತಿರಲಿಲ್ಲ. ದೊಡ್ಡ ರೋಗದ, ಅಂದರೆ ಕುಷ್ಠದ ಶುರುವಾತು ಅಂತ ಡಾಕ್ಟರು ನಮಗೆ ಮೆಲ್ಲಗೆ ಹೇಳಿದರು. ನರ ಎಷ್ಟು ಉಳಿದಿದೆ ಅಂತ ತಿಳಿದರೆ ಔಷಧಿ ಹೇಗೆ ಕೊಡಬೇಕೆಂದು ಗೊತ್ತಾಗುತ್ತದಂತೆ. ಪಟ್ಟಿ ಸುತ್ತಿ ಕರೆಂಟು ಕೊಟ್ಟರು. ಹುಡುಗಿ ಬೆಚ್ಚಿದಳು. ಮಷೀನಿನ ಪರದೆಯ ಹಸಿರು ಗೆರೆಯಲ್ಲಿ ಒಂದು ಪುಟ್ಟ ದಿನ್ನೆ ಎದ್ದು ಮಲಗಿತು.

"ನೋಡಿ ಅಮ್ಮಾ, ನರ ಇನ್ನೂ ಇದೆ! ನಿಮ್ಮ ಕೈಯಿಂದ ಕಂಡಿದ್ದು ಇದು," ಅಂದರು ಡಾಕ್ಟರು. ನನ್ನ ಹೆಂಡತಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಮದುವೆಯಾಗಿ ಅಷ್ಟು ವರ್ಷದಲ್ಲಿ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ನನ್ನ ಎದೆಯಲ್ಲಿ ಕೆಂಡ ಬಿದ್ದಂತಾಯಿತು.

ಡಾಕ್ಟರ ಮೇಲೆ ನನಗೆ ಸಂಶಯವಿರಲಿಲ್ಲ, ಅವರು ದೇವರಂಥ ಮನುಷ್ಯ. ನನ್ನ ಉರಿಯೆಲ್ಲ ಅವಳ ಕೈಗಳ ಮೇಲೆ. ಅನ್ನ ಬಡಿಸುವಾಗಲೂ ಆ ಬೆರಳುಗಳನ್ನೇ ನೋಡುತ್ತಿದ್ದೆ. ನನ್ನವಕ್ಕಿಂತ ಸಣ್ಣವು, ಮಸಿ ಹತ್ತಿದವು, ಅವುಗಳಲ್ಲಿ ಅಂಥದ್ದೇನಿದೆ ಅಂತ. ಡಾಕ್ಟರ ಗಾಡಿಯ ಸದ್ದು ಕೇಳಿದರೆ ಸಾಕು, ಅಂಗಡಿಯಲ್ಲಿ ನಾನಿದ್ದರೂ ಅವರ ಬಾಯಲ್ಲಿ ಮೊದಲ ಮಾತು, "ಅಮ್ಮ ಇದ್ದಾರಾ?" ಒಮ್ಮೆ ಎದುರಿನ ಚಹಾದಂಗಡಿಯವ, "ಏನ್ ಪತ್ತಾರ, ಈಗ ನೀ ಅಕೀ ಕೈಯಾಗ ಕೆಲಸಕ್ಕ ಅದೀಯೇನಲೇ?" ಅಂತ ನಗೆಯಾಡಿದ. ಆ ದಿನ ಉಂಡದ್ದು ಮೈಗೆ ಹತ್ತಲಿಲ್ಲ.

ಮುಂದಿನ ಸಲ ಡಾಕ್ಟರು ಆರು ಪಟ್ಟಿ ಬೇಕೆಂದರು. ಅವಳಿಗೆ ಜ್ವರ ಬಂದಿತ್ತು. "ಬೆಳ್ಳಿ ನೀವ ಕಾಸಿ, ತಂತಿ ಎಳದು ಕೊಡ್ರಿ, ನಾ ಹೆಣೀತೀನಿ," ಅಂದಳು. ಮೂಸೆಯಲ್ಲಿ ಬೆಳ್ಳಿ ಕರಗುತ್ತಿತ್ತು. ಪಕ್ಕದ ಡಬ್ಬಿಯಲ್ಲಿ ತಾಮ್ರದ ಚೂರಿದ್ದವು; ತಾಮ್ರ ಬೆರೆತರೆ ಬೆಳ್ಳಿ ಬಿರುಸಾಗುತ್ತದೆ. ಕೈ ತಾನಾಗಿ ಹೋಯಿತು ಅಂತ ಹೇಳಲಾರೆ. ನೋಡಿಯೇ, ತಿಳಿದೇ ಒಂದು ಚಿಟಿಕೆ ಹಾಕಿದೆ.

ಹೆಣೆಯುವಾಗ ಅವಳು, "ಈ ಸಲ ತಂತಿ ಬಿರುಸದಲ್ರೀ?" ಅಂದಳು.

"ಜ್ವರದಾಗ ಅದೀ, ಕೈಯಾಗ ಕಸುವಿಲ್ಲ ನಿನಗ," ಅಂದೆ. ನಂಬಿದಳು.

ಹದಿನೈದು ದಿನಕ್ಕೆ ಡಾಕ್ಟರು ಬಂದರು. ಮುಖ ಬಾಡಿತ್ತು. "ಅಮ್ಮಾ, ಈ ಪಟ್ಟಿ ಚರ್ಮಕ್ಕೆ ಕೂರ್ತಿಲ್ಲ, ಗೆರೆ ನಿಲ್ತಾನೇ ಇಲ್ಲ, ನಡುಗುತ್ತೆ. ಸಾಲಗುಂದದ ಹುಡುಗಿಗೆ ಮತ್ತೆ ಮತ್ತೆ ಕರೆಂಟು ಕೊಡಬೇಕಾಯ್ತು. ಅತ್ತುಬಿಟ್ಟಳು ಪಾಪ. ಇನ್ನು ಬರಲ್ಲ ಅಂತ ಹಟ ಹಿಡಿದಿದ್ದಾಳೆ."

ಹುಡುಗಿಯ ಅಳು ನನ್ನ ಲೆಕ್ಕದಲ್ಲಿರಲಿಲ್ಲ. ಹೆಂಡತಿಗೆ ಒಂದು ಸಲ ಮುಖಭಂಗವಾದರೆ ಸಾಕೆಂದಷ್ಟೇ ನಾನು ನೆನೆದಿದ್ದೆ.

ಅವಳು ಪರದೆ ಸರಿಸಿ ಅಂಗಡಿಗೆ ಬಂದಳು. ಡಾಕ್ಟರು ವಾಪಸು ತಂದಿದ್ದ ಒಂದು ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ದೀಪದ ಉರಿಗೊಡ್ಡಿ, ಊದುಗೊಳವೆಯಿಂದ ಊದಿದಳು. ಸಾಚಾ ಬೆಳ್ಳಿ ಕಾಸಿದರೆ ಬೆಳ್ಳಗೇ ಉಳಿಯುತ್ತದೆ. ಇದು ಕಪ್ಪಾಯಿತು. ಅದನ್ನು ಡಾಕ್ಟರ ಮುಂದಿಟ್ಟು, "ಹೆಣದಾಕಿ ನಾನು. ಬೆಳ್ಳಿ ಕಾಸಿದವ್ರು ಇವ್ರು. ಇವ್ರನ್ನ ಕೇಳ್ರಿ," ಅಂದಳು.

"ತಾಮ್ರ ಬಿದ್ದದ," ಅಂದೆ. ಅವಳು ನನ್ನನ್ನೇ ನೋಡುತ್ತಿದ್ದಳು. ನನ್ನ ಮಾತನ್ನು ನಾನೇ ತಿದ್ದಿದೆ. "ಬಿದ್ದಿಲ್ರೀ. ನಾನ ಹಾಕೀನಿ."

ಡಾಕ್ಟರು ಅವಳ ಕಡೆ ತಿರುಗಿ, "ಇನ್ನೊಂದು ಸಲ ಮಾಡಿಕೊಡ್ತೀರಾ?" ಅಂತ ಕೇಳಿದರು.

"ಮಾಡ್ತೀನ್ರೀ. ಕಾಸೂದೂ ನಾನ," ಅಂದಳು.

ಆ ರಾತ್ರಿ ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಮರುದಿನದಿಂದ ಪರದೆ ಕಟ್ಟಲಿಲ್ಲ. ನನ್ನ ಬದಿಗೇ ಮಣೆ ಹಾಕಿಕೊಂಡು ಕೂತಳು. ಅಂಗಡಿಯಲ್ಲಿ ಹೆಂಗಸು ಕೂತಳೆಂದು ನಮ್ಮವರು ನಾಲ್ಕು ಮಾತಾಡಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ, ನನಗೆ ಎದ್ದು ಒಳಗೆ ಹೋಗೆನ್ನಲು ಬಾಯಿರಲಿಲ್ಲ.

ಹೊಸ ಪಟ್ಟಿ ಸಿದ್ಧವಾದಾಗ ನಾನೇ ಸಾಲಗುಂದಕ್ಕೆ ಹೋದೆ. ಹುಡುಗಿ ಅವ್ವನ ಹಿಂದೆ ಅಡಗಿದಳು. "ನಿನಕಿಂತ ಮೊದಲ ನನಗ ಕರೆಂಟ್ ಕೊಡ್ತಾರ. ನಾ ಅತ್ತರ ನೀ ವಾಪಸ್ ಬಂದ್ಬಿಡು," ಅಂದೆ. ಬಸ್ಸು ಹತ್ತಿದಳು.

ಸಿಂಧನೂರಿನಲ್ಲಿ ನನ್ನ ಕಿರುಬೆರಳಿಗೆ ಪಟ್ಟಿ ಸುತ್ತಿದರು. ಕರೆಂಟು ಚುರುಕ್ ಅಂತು, ಕೈ ಹಾರಿತು. ಹುಡುಗಿ ಕಿಸಕ್ಕನೆ ನಕ್ಕಳು. ಆಮೇಲೆ ತಾನೇ ಕೈ ಚಾಚಿದಳು. ಗೆರೆ ನೆಟ್ಟಗಿತ್ತು, ದಿನ್ನೆ ಎದ್ದಿತು, ನನ್ನದಕ್ಕಿಂತ ಗಿಡ್ಡ, ಆದರೂ ಎದ್ದಿತು. ವರ್ಷದೊಳಗೆ ಅವಳ ಬೆರಳಿಗೆ ಬಿಸಿ ತಿಳಿಯತೊಡಗಿತೆಂದು ಅವಳವ್ವ ಅಂಗಡಿಗೆ ಬಂದು ನನ್ನ ಹೆಂಡತಿಗೆ ಹೇಳಿಹೋದಳು. ನನಗಲ್ಲ, ಅವಳಿಗೆ. ಆಗಲೂ ಎಲ್ಲೋ ಒಂದು ಮುಳ್ಳು ಚುಚ್ಚಿತು.

ಕೆಲವು ವರ್ಷ ಕಳೆದು ಡಾಕ್ಟರು ಬೇರೆ ಊರಿಗೆ ಹೋದರು. ಈಗ ಪೇಟೆಯಲ್ಲೇ ಮೆತ್ತನೆಯ ಪಟ್ಟಿಗಳು ಸಿಗುತ್ತವೆಂದು ಕಾಗದ ಬರೆದಿದ್ದರು. ಕಾಗದ ಅವಳ ಹೆಸರಿಗಿತ್ತು. ಓದಲು ಬಾರದ ಅವಳಿಗೆ ನಾನೇ ಓದಿ ಹೇಳಿದೆ. "ನಿಮ್ಮಂಥ ಕೈ ಇಲ್ಲಿ ಸಿಕ್ಕಿಲ್ಲ" ಎಂಬ ಸಾಲು ಬಂದಾಗ ಓದು ನಿಲ್ಲಿಸಿದೆ. ಹಾರಿಸಿಬಿಡಲೇ ಅನ್ನಿಸಿತು. ಓದಿದೆ.

"ಇನ್ನೊಮ್ಮೆ ಓದ್ರಿ," ಅಂದಳು.