ಅರ್ಜಿಯಲ್ಲಿ ಬರೆದ ಕಾಡು

ನನಗೊಂದು ಚಟವಿದೆ. ವರ್ಗಾವಣೆಯ ಅರ್ಜಿಯಿರಲಿ, ತಿಥಿಯ ಕಾಗದವಿರಲಿ, ಒಂದು ಸೊಗಸಾದ ವಾಕ್ಯ ಸೇರಿಸದೆ ನನ್ನ ಪೆನ್ನು ಕೆಳಗಿಳಿಯುವುದಿಲ್ಲ. ಊರಲ್ಲಿ ನಾಲ್ಕು ಜನ ಹೊಗಳುತ್ತಾರೆ. ಈ ಚಟ ಒಬ್ಬ ಮುದುಕಿಯ ಕಾಡನ್ನು ಕಳೆಯಿತು.

ಬೊಮ್ಮಜ್ಜಿ ಜೇನುಕುರುಬರವಳು. ಮದುವೆಯಾದ ಹೊಸತರಲ್ಲೇ ಅವರ ಹಾಡಿಯನ್ನು, ಆ ಪುಟ್ಟ ಊರನ್ನೇ, ಕಾಡಿನಿಂದ ಎಬ್ಬಿಸಿ ಎನ್. ಬೇಗೂರಿನ ಕಡೆಯ ಕಾಲೊನಿಗೆ ತಂದು ಹಾಕಿದ್ದರು. ಹಳೆಯ ಹಾಡಿಯ ಜಾಗಕ್ಕೆ ಹಕ್ಕು ಕೇಳಲು ಆಕೆ ನಿವೃತ್ತ ಮೇಷ್ಟ್ರಾದ ನನ್ನನ್ನು ಹುಡುಕಿಕೊಂಡು ಬಂದಳು. ಹ್ಯಾಂಡ್‌ಪೋಸ್ಟ್ ವೃತ್ತದ ಟೈಪಿಂಗ್ ಅಂಗಡಿಯಲ್ಲಿ ಕೂತು ಬರೆಸಿದೆ: ‘ಕಾಡಿನ ಒಂದೆಲೆಯನ್ನೂ ಮುಟ್ಟದೆ, ಹೆಜ್ಜೆಗುರುತೂ ಉಳಿಸದೆ ಬಾಳಿದ ಜನ.’ ಟೈಪು ಮಾಡುವವನು ಸೂಪರ್ ಸಾರ್ ಎಂದ. ನಾನು ಹಿಗ್ಗಿದೆ.

ಅರಣ್ಯ ಹಕ್ಕು ಸಮಿತಿಯವರು ಜಾಗ ನೋಡಲು ಬಂದರು. ಗೋಡೆ, ಬಾವಿ, ಏನಾದರೂ ಗುರುತು ತೋರಿಸಿ ಎಂದರು. ಅಜ್ಜಿ ಒಂದು ಕಾಡುಗೆಣಸಿನ ಬಳ್ಳಿಯನ್ನು ಹಿಡಿದುಕೊಂಡಳು.

“ಇದು ನಮ್ಮವ್ವ ಮಡಗಿದ್ದು ಸಾ. ಗೆಣಸು ಅಗ್ದು, ಬಳ್ಳಿ ತಲೆನ ಅದೇ ಗುಳೀಲಿ ಇಟ್ಟು ಮಣ್ಣು ಮುಚ್ಬೇಕು. ಇಲ್ದಿದ್ರೆ ಮುಂದಿನ್ ವರ್ಸ ತಿನ್ನಕೆ ಏನದೆ? ಚಳಿ ಕಳೀತಿದ್ದಂಗೆ ತರಗೆಲೆಗೆ ಸಣ್ಣಗೆ ಬೆಂಕಿ ಹಾಕ್ತಿದ್ವಿ. ಉಲ್ಲು ಚಿಗುರೋದು, ದೊಡ್ಡ್ ಬೆಂಕಿ ಬತ್ತಿರ್ಲಿಲ್ಲ.”

“ಆ ಗುಳಿಗಳೆಲ್ಲಿ?” ಸಮಿತಿಯವರು ಕೇಳಿದರು.

“ಮುಚ್ಚಿದ್ವಲ್ಲ ಸಾ.”

ಅವರಲ್ಲೊಬ್ಬರು ಅರ್ಜಿ ತೆಗೆದು ನನ್ನ ವಾಕ್ಯವನ್ನೇ ಓದಿದರು. “ಏನೂ ಮುಟ್ಟಿಲ್ಲ, ಗುರುತೂ ಇಲ್ಲ ಅಂತ ನಿಮ್ಮ ಮೇಷ್ಟ್ರೇ ಬರ್ದಿದ್ದಾರಲ್ಲಮ್ಮ.” ಅರ್ಜಿ ವಜಾ ಆಯಿತು.

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವಂತೆ ಆಮೇಲೆ ಪುಸ್ತಕ ಹಿಡಿದೆ. ಮನುಷ್ಯ ಕಾಲಿಡದ್ದೆಂದು ನಾವು ಕೈಮುಗಿಯುವ ಅಮೆಜಾನಿನಂಥ ಮಳೆಕಾಡಿನಲ್ಲೂ ಮಣ್ಣಿನಡಿ ಹಳೆಯ ಜನರ ಒಲೆಯ ಇದ್ದಿಲು ಸಿಗುತ್ತದಂತೆ. ತಮಗೆ ಬೇಕಾದ ಹಣ್ಣಿನ ಮರಗಳನ್ನು ಉಳಿಸಿ ಬೆಳೆಸಿ, ಗೆಡ್ಡೆಗಳನ್ನು ಅತ್ತಿಂದಿತ್ತ ಹೊತ್ತು, ಸಾವಿರಾರು ವರ್ಷ ಕಾಡನ್ನು ತಿದ್ದಿದವರು ಅವರು. ಕಾಡು ತಾನಾಗಿ ಬೆಳೆಯುತ್ತದೆಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದವನು ನಾನು. ಕಾಡು ಮುಳುಗಿಸಿದವರ ಗುರುತು ಬೀಚನಹಳ್ಳಿಯ ಅಣೆಕಟ್ಟೆಯಲ್ಲಿ ಕುರುಡನಿಗೂ ಸಿಗುತ್ತದೆ. ಬೆಳೆಸಿದವರ ಗುರುತನ್ನು ಯಾವ ಕಾಲಂನಲ್ಲಿ ತುಂಬುವುದೋ ನನಗೆ ಇವತ್ತಿಗೂ ತಿಳಿಯದು.

ಮೊನ್ನೆ ಕಾಲೊನಿಗೆ ಹೋದೆ. ಬೊಮ್ಮಜ್ಜಿ ಹಾಸಿಗೆ ಹಿಡಿದಿದ್ದಾಳೆ. ಇನ್ನು ಆಕೆ ಆ ಹಾಡಿಯ ಜಾಗಕ್ಕೆ ಹೋಗಲಾರಳು. ಕೆಲಸ ಕೆಡಿಸಿದ್ದು ನನ್ನ ವಾಕ್ಯ ಎಂದು ನಾಚಿಕೆಯಿಂದಲೇ ಒಪ್ಪಿಕೊಂಡೆ. ಅದೇನು ಓದಿ ಎಂದಳು. ಓದಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದಳು.

“ಚೆಂದಾಗದೆ ಮೇಷ್ಟ್ರೇ,” ಎಂದಳು. “ಇದು ಯಾರ ಬಗ್ಗೆ ಬರ್ದಿರೋದು?”