ನನ್ನ ಸಾಲಿನ ಹಸಿರು ದಂಟು

ಟೊಮೆಟೊ ಬೀಜದ ಹೊಲ ಕೆಡಿಸಿದವಳು ನಾನು. ಗೊತ್ತಿದ್ದೇ ಕೆಡಿಸಿದೆ. ಆಮೇಲೆ ಆ ತಪ್ಪನ್ನು ನನ್ನ ತಂಗಿ ಸುಮಿಯ ತಲೆಗೆ ಕಟ್ಟಿದೆ — ಅವಳು ಜಗಳ ಆಡುವವಳಲ್ಲ ಎಂಬ ಧೈರ್ಯದಿಂದ, ಜನ ನಂಬುವುದು ನನ್ನನ್ನೇ ಎಂಬ ಅದಕ್ಕಿಂತ ದೊಡ್ಡ ಧೈರ್ಯದಿಂದ. ಎಂಟು ವರ್ಷ ಬಾಯಿ ಬಿಡಲಿಲ್ಲ. ನನ್ನ ಬಾಯಿ ಎಂಥದೆಂದು ಬಲ್ಲವರು ಇದನ್ನು ನಂಬಲಿಕ್ಕಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೂ ಮನೆಯ ಪುರಾಣ ಬಿಚ್ಚುವವಳು ನಾನು. ಇದೊಂದನ್ನು ಮಾತ್ರ —

ಇರಲಿ. ಮೊದಲಿನಿಂದ ಹೇಳುತ್ತೇನೆ.

ನನ್ನ ತವರಿನ ಹೊಲ ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಹೋಗುವ ದಾರಿಯಲ್ಲಿದೆ. ನನ್ನನ್ನು ಕೊಟ್ಟದ್ದು ಬ್ಯಾಡಗಿಗೆ. ಆದರೆ ಬೀಜದ ಕೆಲಸ ಶುರುವಾಯಿತೆಂದರೆ ಎರಡು ತಿಂಗಳು ನಾನು ತವರಿನಲ್ಲೇ. ಕಂಪನಿಯವರಿಗೆ ಹೈಬ್ರಿಡ್ ಬೀಜ ಬೆಳೆದು ಕೊಡುವುದು ನಮ್ಮ ಕಡೆ ಹೆಂಗಸರ ಬೆರಳಿನ ಕೆಲಸ. ಹೊತ್ತು ಇಳಿದ ಮೇಲೆ, ನಾಳೆ ಅರಳಲಿರುವ ಮೊಗ್ಗನ್ನು ಚಿಮಟದಿಂದ ಬಿಡಿಸಿ ಒಳಗಿನ ಗಂಡು ಭಾಗ ಕಿತ್ತುಹಾಕಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪುಡಿಯನ್ನು ಅದಕ್ಕೆ ಮುಟ್ಟಿಸಬೇಕು. ಮುಟ್ಟಿಸಿದ ಕೂಡಲೇ ಹೂವಿನ ಬುಡದ ಹಸಿರು ಎಸಳುಗಳಲ್ಲಿ ಎರಡನ್ನು ಕತ್ತರಿಸಬೇಕು — ಅದೇ ಗುರುತು. ಕೊಯ್ಲಿನಲ್ಲಿ ಎಸಳು ಕತ್ತರಿಸಿದ ಹಣ್ಣಷ್ಟೇ ಬೀಜಕ್ಕೆ. ತಾನಾಗಿ ಕಟ್ಟಿದ ಹಣ್ಣು ಸಾರಿಗೆ. ಆ ಎರಡು ಎಸಳಿನ ಮೇಲೆ ಇಡೀ ಹೊಲದ ಮಾನ ನಿಂತಿರುತ್ತದೆ.

ಸುಮಿಗೆ ಆಗ ಇಪ್ಪತ್ತನಾಲ್ಕು. ಅವಳಿಗೆ ನಾಲ್ಕು ಸಾಲು, ಯಾವಾಗಲೂ ಅವೇ ನಾಲ್ಕು. ಬದಲಿಸಿದರೆ ಕಿವಿ ಮುಚ್ಚಿಕೊಂಡು ಬದುವಿನ ಮೇಲೆ ಕೂತುಬಿಡುವಳು. ತಟ್ಟೆಯಲ್ಲಿ ರೊಟ್ಟಿಗೆ ಪಲ್ಯ ತಾಗಿದರೆ ಊಟ ಬಿಟ್ಟೇಳುವಳು. ಮುಖ ನೋಡಿ ಮಾತಾಡುವವಳಲ್ಲ. ಕೇಳಿದ್ದಕ್ಕೆ ಉತ್ತರ, ಅಷ್ಟೇ. "ಆಕೀ ತಲ್ಯಾಗ ಒಮ್ಮೆ ಹೊಕ್ಕರ ಹೊಕ್ತು, ದೇವರು ಬಂದ್ರೂ ತಗಿಯಾಕ ಆಗೂದಿಲ್ಲ" ಎಂದು ನಾವೆಲ್ಲ ನಗುತ್ತಿದ್ದೆವು. ನಾನೇ ಹೆಚ್ಚು ನಗುತ್ತಿದ್ದೆ. ಅವಳಿಗೆ ಗೆಳತಿಯರಿರಲಿಲ್ಲ, ಮದುವೆಯ ಮಾತನ್ನು ಯಾರೂ ಎತ್ತಿರಲಿಲ್ಲ. ಹದಿನೈದು ಹೆಂಗಸರ ಹರಟೆಯ ನಡುವೆ ತಾನು ಸುಮ್ಮನೆ ಕೆಲಸ ಮಾಡುತ್ತಿರುವುದು — ಜನರೊಂದಿಗೆ ಅವಳಿಗಿದ್ದ ನಂಟು ಅದೊಂದೇ. ಅದನ್ನೇ ನಾನು ಕಿತ್ತುಕೊಂಡೆ.

ಆ ವರ್ಷ ನಮ್ಮಣ್ಣ ಶಿವಣ್ಣ ಐದು ದಿನ ಪಾದಯಾತ್ರೆಗೆ ಹೋದ. ಹೂವು ತುಂಬಿ ಬಂದ ಸಮಯ. ಹೊಲದ ಮೇಲ್ವಿಚಾರಣೆ ನನಗೆ ವಹಿಸಿದ್ದ. ನಾನು ಬೆಳಗಿನ ಬಸ್ಸು ಹತ್ತಿ ರಾಣೆಬೆನ್ನೂರಿನ ಗೆಳತಿಯ ಮನೆಗೆ ಹೋಗುತ್ತಿದ್ದೆ — ಐದೂ ದಿನ. ಸಿನಿಮಾ, ಮಂಡಕ್ಕಿ ಗಿರಮಿಟ್ಟು, ಸೀರೆ ಅಂಗಡಿ. ಕಷ್ಟವೇನೂ ಇರಲಿಲ್ಲ, ಕಾಯಿಲೆಯೂ ಇರಲಿಲ್ಲ. ಬೇಸರ ಬಂದಿತ್ತು, ಹೋದೆ. ಹೆಂಗಸರಿಗೆ "ಅಣ್ಣಗ ಹೇಳಬ್ಯಾಡ್ರೆವ್ವಾ" ಎಂದೆ, ಅವರು ಹೇಳಲಿಲ್ಲ. ಸುಮಿಯನ್ನು ಯಾರೂ ಕೇಳಲಿಲ್ಲ, ಕೇಳದೆ ಅವಳು ಹೇಳುವವಳಲ್ಲ.

ಅಷ್ಟರಲ್ಲಿ ನನ್ನ ಸಾಲಿನ ಹೂವುಗಳು ತಾವಾಗಿ ಅರಳಿ, ತಾವಾಗಿ ಕಾಯಿ ಕಟ್ಟಿದ್ದವು. ಅವನ್ನೆಲ್ಲ ಕಿತ್ತೊಗೆಯಬೇಕಿತ್ತು. ಕಿತ್ತರೆ ನನ್ನ ಸಾಲು ಬೋಳಾಗುತ್ತದೆ, ಅಣ್ಣನಿಗೆ ಗೊತ್ತಾಗುತ್ತದೆ. ಹಾಗಾಗಿ — ಒಂದು ಮಧ್ಯಾಹ್ನ, ಎಲ್ಲರೂ ಬುತ್ತಿ ಬಿಚ್ಚಿ ಕೂತಿದ್ದಾಗ, ನಾನು ಕತ್ತರಿ ಹಿಡಿದು ನನ್ನ ಸಾಲಿಗೆ ಹೋದೆ. ಬಟಾಣಿಯಷ್ಟಿದ್ದ ಒಂದೊಂದು ಕಾಯಿಯ ನೆತ್ತಿಯಲ್ಲೂ ಎರಡೆರಡು ಎಸಳು ಕತ್ತರಿಸಿದೆ. ಕೈ ನಡುಗಲಿಲ್ಲ. ನಡುಗಿತ್ತು ಎಂದು ಬರೆಯುವ ಆಸೆ ಇದೆ, ಆದರೆ ಇಲ್ಲ.

ಬೀಜ ಕೊಟ್ಟು ಕೆಲವು ವಾರಗಳ ಮೇಲೆ ಕಂಪನಿಯ ಮನುಷ್ಯ ಒಂದು ಸಸಿಯ ತಟ್ಟೆ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದ. ಹೈಬ್ರಿಡ್ ಸಸಿಯಾದರೆ ಎಳೆಯ ದಂಟಿಗೆ ನೇರಳೆ ಬಣ್ಣ ಇರಬೇಕು. ತಟ್ಟೆಯ ತುಂಬ ಅಲ್ಲಲ್ಲಿ ಹಸಿರು ದಂಟು ಎದ್ದು ಕಾಣುತ್ತಿದ್ದವು. "ತಾನ ಕಟ್ಟಿದ ಕಾಯಿಗೆ ಯಾರೋ ಕತ್ತರಿ ಹಾಕ್ಯಾರ್ರಿ. ಈ ಬೀಜ ನಡೆಯೂದಿಲ್ಲ" ಎಂದ. ಇಡೀ ಹೊಲದ ಬೆಳೆ ಬೇಡವೆಂದು ತಿರುಗಿ ಬಂತು. ಶಿವಣ್ಣ ನಮ್ಮೆಲ್ಲರ ಮುಖ ನೋಡಿದ. ಆಗ ನಾನು ಬಾಯಿ ತೆರೆದೆ.

"ಸುಮೀದ ಕೆಲಸ ಇರಬೇಕು, ಅಣ್ಣಾ. ಕತ್ತರಿ ಹಾಕೂದು ಆಕೀ ತಲ್ಯಾಗ ಹೊಕ್ಕಿರತೈತಿ. ಕಂಡ ಕಾಯಿಗೆಲ್ಲಾ ಹಾಕ್ಯಾಳ."

ಎಂಥ ಸರಾಗವಾಗಿ ಬಂತು ಆ ಮಾತು! ಎಲ್ಲರೂ ಹೌದೆಂದು ತಲೆಯಾಡಿಸಿದರು. ನಾವು ಅವಳ ಬಗ್ಗೆ ಆಡಿ ನಗುತ್ತಿದ್ದ ಮಾತಿಗೆ ಅದು ಹೊಂದಿಕೊಂಡುಬಿಟ್ಟಿತು. ಸುಮಿ ನೆಲ ನೋಡುತ್ತ ಬಹಳ ಹೊತ್ತು ಯೋಚಿಸಿದಳು. ಆಮೇಲೆ ಹೇಳಿದಳು — "ನಾ ಹಂಗ ಮಾಡಿಲ್ಲ ಅಂತ ನನಗ ಅನಸ್ತೈತಿ. ಆದ್ರ ಮಾಡಿರಬಹುದು. ನೋಡಬೇಕು."

ಮಾಡಿರಬಹುದು! ತನ್ನ ಮೇಲೆ ಅಪವಾದ ಬಂದ ಗಳಿಗೆಯಲ್ಲಿ ಯಾರಾದರೂ ಆಡುವ ಮಾತೇ ಅದು? ನಾನಂತೂ ಹುಟ್ಟಿದಾಗಿನಿಂದ ಆಡಿದವಳಲ್ಲ. ಜನಕ್ಕೆ ಅದು ಒಪ್ಪಿಗೆಯಂತೆ ಕೇಳಿಸಿತು. ಶಿವಣ್ಣ ಹಣೆ ಹಣೆ ಬಡಿದುಕೊಂಡ. "ಇನ್ನ ಮ್ಯಾಲ ಹೊಲದಾಗ ಕಾಲಿಡಬ್ಯಾಡ, ಸುಮಿ. ಮನ್ಯಾಗಿರು."

ಮರುದಿನ ಅವಳು ಎಂದಿನಂತೆ ಎದ್ದು, ತಲೆಗೆ ಅರಿವೆ ಸುತ್ತಿಕೊಂಡು, ಹೊಸ್ತಿಲ ತನಕ ಬಂದು ನಿಂತಳು. ಅದರ ಮರುದಿನವೂ ನಿಂತಳು. ಹೆಂಗಸರು ಅವಳನ್ನು ದಾಟಿಕೊಂಡು ಮುಂದಿನ ಬೆಳೆಯ ಕೆಲಸಕ್ಕೆ ಹೊಲಕ್ಕೆ ಹೋದರು, ಅವರ ಜೊತೆ ನಾನೂ ಹೋದೆ.

ಆದರೆ ಸುಮಿ "ನೋಡಬೇಕು" ಎಂದಿದ್ದಳಲ್ಲ — ಅದನ್ನು ನಾವ್ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಅವಳಿಗೆ ಒಂದು ರೂಢಿಯಿತ್ತು: ಪ್ರತಿ ಕೊಯ್ಲಿಗೂ ಪ್ರತಿಯೊಬ್ಬರ ಸಾಲಿನಿಂದ ಕೆಲವು ಬೀಜದ ಹಣ್ಣು ತೆಗೆದು, ಬೀಜ ಒಣಗಿಸಿ, ಹಳೆಯ ಕ್ಯಾಲೆಂಡರ್ ಹಾಳೆಯಲ್ಲಿ ಪೊಟ್ಟಣ ಕಟ್ಟಿ, ಸಾಲಿನವರ ಹೆಸರು ಬರೆದು ಗೋಡೆಗೆ ಸಿಕ್ಕಿಸುವುದು. ಹುಚ್ಚು ಎಂದು ಬಿಟ್ಟಿದ್ದೆವು. ಆ ಪೊಟ್ಟಣಗಳನ್ನು ಬಿಚ್ಚಿ ಅವಳು ಹಿತ್ತಲಿನಲ್ಲಿ ಒಬ್ಬೊಬ್ಬರ ಹೆಸರಿಗೆ ಒಂದೊಂದು ಮಡಿ ಬಿತ್ತಿದಳು. ಅವಳಿಲ್ಲದ ಹೊತ್ತಿನಲ್ಲಿ ಆ ಮಡಿಗಳನ್ನು ತುಳಿದುಬಿಡಲೇ ಎಂದೂ ಯೋಚಿಸಿದೆ. ಅವಳು ಅಲ್ಲಿಂದ ಏಳಲೇ ಇಲ್ಲ.

ಸಸಿ ಮೂಡಿದ ಮೇಲೆ ಒಂದು ಬೆಳಿಗ್ಗೆ ಹೊಲಕ್ಕೆ ಹೊರಟಿದ್ದ ಎಲ್ಲರನ್ನೂ ಹಿತ್ತಲಿಗೆ ಕರೆದಳು. ಸುಮಿ ಜನರನ್ನು ಕರೆದದ್ದು ಅದೇ ಮೊದಲು! ಮೊದಲು ತೋರಿಸಿದ್ದು ತನ್ನ ಮಡಿಯನ್ನು.

"ಇದು ನಂದು. ಎರಡು ಹಸರು ದಂಟು ಅದಾವ. ನನ್ನ ಕಡಿಂದ ತಪ್ಪಾಗೈತಿ. ಹೊತ್ತು ಮುಳಗಿದ ಮ್ಯಾಲ ಮಾಡಿದ ಹೂ ಇರಬೇಕು, ಕಣ್ಣು ಕಾಣಸಂಗಿಲ್ಲ." ಆಮೇಲೆ ಒಂದೊಂದೇ ಮಡಿ ತೋರಿಸುತ್ತ ಬಂದಳು. ಒಂದು, ಮೂರು, ಇಲ್ಲವೇ ಇಲ್ಲ. ಕೊನೆಗೆ — "ಇದು ಅಕ್ಕಂದು. ಅರ್ಧಕ್ಕರ್ಧ ಹಸರು."

"ಪೊಟ್ಟಣ ಅದಲಿ ಬದಲಿ ಆಗ್ಯಾವು!" ನಾನು ಕಿರುಚಿದೆ.

"ಆಗಿರಬಹುದು" ಎಂದಳು ಸುಮಿ, ಒಂದು ಚೂರೂ ಸಿಟ್ಟಿಲ್ಲದೆ. "ಅರ್ಧ ಬೀಜ ಉಳಿಸೇನಿ. ಅಣ್ಣ ತನ್ನ ಕೈಲೆ ಹೆಸರು ಬರದು ಬಿತ್ತಲಿ."

ಶಿವಣ್ಣ ಬಿತ್ತಿದ. ಸಸಿ ಮೂಡಿದಾಗ ಎಲ್ಲರೂ ಮತ್ತೆ ಹಿತ್ತಲಿಗೆ ಬಂದು ನೋಡಿದೆವು — ಅದೇ ಹಸಿರು, ನನ್ನ ಮಡಿಯಲ್ಲೇ. ಆಗಲೂ ನಾನು ಸೋಲಲಿಲ್ಲ. "ಜೇನುಹುಳ ಬಂದು ಪುಡಿ ಮುಟ್ಟಿಸಿರತಾವ, ನಾ ಏನ ಮಾಡ್ಲಿ?" ಎಂದೆ.

ಸುಮಿ ಅದನ್ನೂ ಯೋಚಿಸಿದಳು, ನಿಜವಾಗಿ ಯೋಚಿಸಿದಳು. "ಜೇನು ಪುಡಿ ಮುಟ್ಟಿಸಬಹುದು. ಆದ್ರ ಜೇನು ಕತ್ತರಿ ಹಿಡಿಯೂದಿಲ್ಲ, ಅಕ್ಕಾ."

ಎಲ್ಲರಿಗಿಂತ ಹಿರಿಯಳಾದ ಗಂಗವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆಮೇಲೆ ಇಡೀ ಹಿತ್ತಲೇ ನಕ್ಕಿತು. "ಖರೇ ಹೇಳೀದಿ ನಮ್ಮವ್ವಾ!" ಎಂದು ಗಂಗವ್ವ ಸುಮಿಯ ತಲೆಯ ಅರಿವೆಯನ್ನು ತಾನೇ ಬಿಗಿದು ಕಟ್ಟಿದಳು. ಯಾರಾದರೂ ಮುಟ್ಟಿದರೆ ಹಿಂದೆ ಸರಿಯುವ ಸುಮಿ ಅವತ್ತು ನಿಂತೇ ಇದ್ದಳು. ಶಿವಣ್ಣನ ಕಣ್ಣು ತುಂಬಿದ್ದವು. "ನಾಳಿಂದ ಹೊಲಾ ನಿಂದು, ಸುಮಿ. ನೀ ಹೇಳಿದಂಗ ಎಲ್ಲಾರೂ."

"ನನ್ನ ನಾಕ ಸಾಲು ನನಗ ಬೇಕು. ಉಳದದ್ದು ನೋಡ್ತೇನಿ" ಎಂದಳು ಸುಮಿ. ಮರುದಿನ ಅವಳು ಹೊಲಕ್ಕೆ ಇಳಿದಾಗ ನಾನು ಕಂಡದ್ದನ್ನು ಈಗಲೂ ಮರೆತಿಲ್ಲ. ವರ್ಷಗಟ್ಟಲೆ ಮೂಡಣ ತುದಿಯಿಂದಲೇ ಸಾಲು ಹಿಡಿಯುತ್ತಿದ್ದವಳು, ಅದನ್ನು ಯಾರಾದರೂ ತಪ್ಪಿಸಿದರೆ ಕಿವಿ ಮುಚ್ಚುತ್ತಿದ್ದವಳು, ತಾನೇ ಪಡುವಣ ತುದಿಗೆ ಹೋಗಿ ನಿಂತಳು. ಮರದ ನೆರಳು ಬೀಳುವ ಆ ಕಡೆ ಬೆಳಕು ಬೇಗ ಹೋಗುತ್ತದೆ. ಆ ಎರಡು ಹಸಿರು ದಂಟು ಅಲ್ಲಿಯವೇ ಇರಬೇಕು, ಬೆಳಕಿರುವಾಗಲೇ ಆ ಕಡೆ ಮುಗಿಸಬೇಕು ಎಂದು ಅವಳಿಗೆ ಹೊಳೆದಿತ್ತು. ಮೂಡಣದ ಕಡೆ ಎರಡು ಸಲ ತಿರುಗಿ ನೋಡಿದಳು, ಆದರೂ ಬದಲಾದಳು.

ಆ ಬೆಳೆಯ ಬೀಜದಲ್ಲಿ ಒಂದು ಹಸಿರು ದಂಟೂ ಬರಲಿಲ್ಲ. ಈಗ ಹೊಸರಿತ್ತಿ ಕಡೆಯಿಂದಲೂ ಜನ ಬಂದು, "ಸುಮಿತ್ರಕ್ಕಾರು ಒಮ್ಮೆ ಬಂದು ನೋಡಿಹೋಗ್ಲಿ" ಎಂದು ಕೇಳುತ್ತಾರೆ. ಅವಳು ಬದುವಿನ ಮೇಲೆ ನಡೆದರೆ ಹರಟೆ ತಾನಾಗಿ ನಿಲ್ಲುತ್ತದೆ.

ನನ್ನ ಬಗ್ಗೆ ಎಲ್ಲರೂ ಉದಾರವಾದರು. ಗಡಿಬಿಡಿಯಲ್ಲಿ ತಪ್ಪಿ ಕತ್ತರಿಸಿರಬೇಕು ಎಂದುಕೊಂಡರು. ನಾನೂ "ಹಂಗ ಇರಬೇಕು" ಎಂದು ಆ ಉದಾರತೆಯ ಹಿಂದೆ ಅಡಗಿ ಕೂತೆ.

ಹೋದ ತಿಂಗಳು ಸುಮಿಯ ನಿದ್ದೆಯ ತೊಂದರೆಗೆಂದು ಹಾವೇರಿಯ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವರು ಬಹಳ ಹೊತ್ತು ಮಾತಾಡಿ, ಅವಳು ಇರುವ ರೀತಿಗೆ ಆಟಿಸಂ ಅಂತಾರೆ ಎಂದರು. ನಾನು ಎಂದಿನಂತೆ ಶುರು ಮಾಡಿದೆ — ಹಠ ಬಹಳರಿ, ತಲ್ಯಾಗ ಹೊಕ್ಕದ್ದು ಹೊರಗ ಬರೂದಿಲ್ಲರಿ. ಡಾಕ್ಟರು ನಕ್ಕರು. "ರೂಢಿ ಬದಲಾದ್ರ ಇಂಥವರಿಗೆ ತ್ರಾಸ ಆಗತೈತಿ, ಅದು ಖರೇ. ಆದ್ರ ಕಣ್ಣಿಗೆ ಕಾಣೂ ಹಂಗ ತೋರಿಸಿದ್ರ ತನ್ನ ವಿಚಾರ ತಿದ್ದಕೋತಾಳೋ ಇಲ್ಲೋ? ನೀವ ಹೇಳ್ರಿ."

ಹೊಲ, ಹಿತ್ತಲು, ಆ "ಮಾಡಿರಬಹುದು" — ಎಲ್ಲ ಒಮ್ಮೆಲೇ ನೆನಪಿಗೆ ಬಂತು. ತಲೆಯೊಳಗೆ ಹೊಕ್ಕದ್ದನ್ನು ಎಂದೂ ಹೊರಗೆ ಬಿಡದವಳು ಯಾರು ಹಾಗಾದರೆ?

ಮನೆಗೆ ಬಂದವಳೇ ಸುಮಿಗೆ ಎಲ್ಲ ಹೇಳಿದೆ. ಐದು ದಿನ, ಸಿನಿಮಾ, ಕತ್ತರಿ. ನಿನ್ನ ಹೆಸರು ಹೇಳುವಾಗ ನನಗೆ ಪೂರಾ ಗೊತ್ತಿತ್ತು ಎಂದೂ ಹೇಳಿದೆ. ಅವಳು ಟೊಮೆಟೊ ಸಸಿಗೆ ನೀರು ಹಾಕುವುದನ್ನು ನಿಲ್ಲಿಸಿದಳು.

"ನೀ ಗೊತ್ತಿಲ್ಲದ ಮಾಡೀದಿ ಅಂತ ನಾ ಎಂಟು ವರ್ಷ ತಿಳಕೊಂಡಿದ್ದೆ. ಅದು ತಪ್ಪು. ತಿದ್ದಕೋತೇನಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಅತ್ತೆ. ಅಳು ನಿಲ್ಲುವ ತನಕ ಕಾದು ಅವಳು ಕೇಳಿದಳು: "ಅವತ್ತ ಅಂಗಳದಾಗ ಇದ್ದವ್ರಿಗೆ ಹೇಳೀಯೇನು?" ಇಲ್ಲವೆಂದೆ. "ಅವರೂ ತಪ್ಪು ತಿಳಕೊಂಡಾರ" ಎಂದು ಮತ್ತೆ ನೀರು ಹಾಕತೊಡಗಿದಳು.

ಇವತ್ತು ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ನಾನು ಬದುವಿನ ಮೇಲೆ ನಿಂತೆ. ಶಿವಣ್ಣ ಇದ್ದ, ಗಂಗವ್ವ ಇದ್ದಳು, ಅವತ್ತಿನವರೆಲ್ಲ ಇದ್ದರು, ಹೊಸಬರೂ ಇದ್ದರು. "ಆ ವರ್ಷ ನಾನು..." ಎಂದೆ, ದನಿ ನನಗೇ ಕೇಳಲಿಲ್ಲ. ಸುಮಿ ಚಿಮಟ ಹಿಡಿದುಕೊಂಡು ನನ್ನ ಪಕ್ಕಕ್ಕೆ ಬಂದು ನಿಂತಳು.

"ಜೋರಾಗಿ ಹೇಳಕ್ಕಾ. ಹಿಂದಿನವ್ರಿಗೆ ಕೇಳಸವಲ್ದು."

ನಾನು ಮತ್ತೆ ಮೊದಲಿನಿಂದ, ಹಿಂದಿನವರಿಗೂ ಕೇಳಿಸುವಂತೆ ಹೇಳಿದೆ.