ಬೇವಿನ ಮರದ ಸಂಚಿ

ನಮ್ಮತ್ತೆಯ ಎಡಗೆನ್ನೆ ಉಬ್ಬಿದ್ದರೆ ಮನೆಯಲ್ಲಿ ರೇಷ್ಮೆ ಹುಳು ಇಲ್ಲ, ಕೆನ್ನೆ ಒಳಕ್ಕೆ ಹೋಗಿದ್ದರೆ ಇದೆ. ಹುತ್ತೂರಿನ ನಮ್ಮ ಬೀದಿಯವರು ಅಷ್ಟನ್ನು ನೋಡಿಯೇ ತಿಳಿಯುತ್ತಿದ್ದರು. ಆ ಉಬ್ಬಿನೊಳಗೆ ಇರುತ್ತಿದ್ದುದು ಎಲೆ, ಅಡಿಕೆ, ಜೊತೆಗೆ ಒಂದು ಚೂರು ಹೊಗೆಸೊಪ್ಪು. ಹೊಗೆಸೊಪ್ಪು ಸೋಕಿದರೆ ಹುಳು ಸಾಯುತ್ತದೆ. ಹಾಗಾಗಿ ಮೊಟ್ಟೆ ಒಡೆದ ದಿನದಿಂದ ಗೂಡು ಬಿಡಿಸುವ ತನಕ, ಹೆಚ್ಚುಕಡಿಮೆ ಒಂದು ತಿಂಗಳು, ಅತ್ತೆ ಬಾಯಿ ತೊಳೆದು ತಮ್ಮ ಎಲೆಅಡಿಕೆ ಸಂಚಿಯನ್ನು ಹಿತ್ತಲ ಬೇವಿನ ಮರಕ್ಕೆ ನೇತುಹಾಕುತ್ತಿದ್ದರು.

ಹಳೆಯ ಕೆಂಪು ಸೀರೆಯ ಸೆರಗಿನಲ್ಲಿ ಅವರ ತಾಯಿ ಹೊಲಿದುಕೊಟ್ಟ ಸಂಚಿ ಅದು. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ಜೇಬು. ಎಲ್ಲಕ್ಕಿಂತ ಒಳಗಿನದು ಹೊಗೆಸೊಪ್ಪಿಗೆ. ಕೇಳಿದವರಿಗೆ ಕಿವಿಯ ಓಲೆಯನ್ನೂ ಬಿಚ್ಚಿಕೊಡುತ್ತಿದ್ದ ಹೆಂಗಸು, ಸಂಚಿಯನ್ನು ಮಾತ್ರ ಮಾವನ ಕೈಗೂ ಕೊಡುತ್ತಿರಲಿಲ್ಲ. "ಓಲೆ ನಿಮ್ಮಪ್ಪ ಮಾಡ್ಸಿದ್ದು. ಇದು ನಮ್ಮಮ್ಮ ಹೊಲಿದಿದ್ದು" ಎನ್ನುತ್ತಿದ್ದರು.

ನಾನು ತೆಲುಗು ಮನೆಮಾತಿನ ರಾಯಲ್ಪಾಡಿನವಳು. ಮಾವಿನ ತೋಪು ಗೊತ್ತು, ರೇಷ್ಮೆ ಹುಳುವನ್ನು ಕಣ್ಣಿಂದ ಕಂಡಿರಲಿಲ್ಲ. ಎರಡನೇ ಮಹಾಯುದ್ಧಕ್ಕೆ ಎರಡು ವರ್ಷ ಮುಂಚೆ ಮದುವೆಯಾಗಿ ಬಂದೆ. ಹೊಸ ಸೊಸೆ ತನ್ನ ಮೊದಲ ಬೆಳೆಗೆ ಕೈಯಾರೆ ಹಿಪ್ಪುನೇರಳೆ ಸೊಪ್ಪು ಹಾಕಬೇಕೆಂಬುದು ಆ ಬೀದಿಯ ಪದ್ಧತಿ. ಗೂಡು ಚೆನ್ನಾಗಿ ಬಂದರೆ ಕೈಗುಣ ಒಳ್ಳೆಯದು. ಕೆಟ್ಟರೆ ಮುಗಿಯಿತು, ಜನ್ಮಪೂರ್ತಿ ಅವಳು ಹುಳುವಿನ ಕೋಣೆಯ ಹೊಸ್ತಿಲು ದಾಟುವಂತಿಲ್ಲ. ಎದುರು ಮನೆಯ ಸೊಸೆ ಹಾಗೇ ಹತ್ತು ವರ್ಷದಿಂದ ಹೊರಗೆ ನಿಂತಿದ್ದಳು, ಪಾಪ.

ಹುಳು ನಾಲ್ಕನೇ ಪೊರೆ ಬಿಟ್ಟು ಹಗಲಿರುಳು ಮೇಯುತ್ತಿದ್ದ ಸಮಯ. ಅತ್ತೆ, ಮಾವ ಸೊಪ್ಪಿಗೆಂದು ತೋಟಕ್ಕೆ ಹೋಗಿದ್ದಾಗ ಮಳೆ ಸುರಿಯತೊಡಗಿತು. ಅಯ್ಯೋ, ಅತ್ತೆಯ ಪ್ರಾಣವೇ ನೆನೆಯುತ್ತಿದೆಯಲ್ಲ ಎಂದು ಓಡಿಹೋಗಿ ಸಂಚಿ ತಂದೆ. ಮನೆಯಲ್ಲಿ ಬೆಚ್ಚಗಿನ ಜಾಗವೆಂದರೆ ಹುಳುವಿನ ಕೋಣೆ. ಅಲ್ಲೇ ಹುಳು ಮೇಯುವ ಬಿದಿರು ತಟ್ಟೆಗಳ ಮೇಲಿನ ಗೂಟಕ್ಕೆ ತಗುಲಿಹಾಕಿದೆ. ನನ್ನ ಬುದ್ಧಿಗಿಷ್ಟು! ಹೊಗೆಸೊಪ್ಪು ಹುಳುವಿಗೆ ಆಗದೆಂದು ನನಗೆ ಯಾರೂ ಹೇಳಿರಲಿಲ್ಲ; ಆ ಊರಲ್ಲಿ ಅದು ಹೇಳಬೇಕಾದ ಮಾತೇ ಅಲ್ಲ. ಸಂಚಿ ಮರಕ್ಕೆ ಕಟ್ಟುವುದು ಏನೋ ಹರಕೆ ಎಂದುಕೊಂಡಿದ್ದೆ.

ಅವರು ಬರುವಷ್ಟರಲ್ಲಿ ಸಂಚಿಯ ನೀರು ತೊಟ್ಟಿಕ್ಕಿ, ಕೆಳಗಿನ ಎರಡು ತಟ್ಟೆಯ ಹುಳುಗಳು ತಲೆಯೆತ್ತಿ ಹಸಿರು ಕಕ್ಕುತ್ತಿದ್ದವು.

"ಯಾರು ತಂದಿದ್ದು ಇದನ್ನ?" ಮಾವ ಕೂಗಿದರು.

ಅತ್ತೆ ನನ್ನ ಮುಖವನ್ನೊಮ್ಮೆ ನೋಡಿದರು. "ನಾನೇ. ಮೋಡ ನೋಡಿ ಒಳಗಿಟ್ಟು ಹೋದೆ. ಗ್ಯಾಪಕ ತಪ್ಪೋಯ್ತು."

"ಮೂವತ್ತು ವರ್ಷದಿಂದ ತಪ್ಪದ್ದು ಇವತ್ತು ತಪ್ತಾ?"

"ವಯಸ್ಸಾಯ್ತಲ್ಲ, ಏನ್ಮಾಡ್ಲಿ? ಇವತ್ತಿಂದ ಹೊಗೆಸೊಪ್ಪೇ ಮುಟ್ಟಲ್ಲ, ಆಯ್ತಾ?"

ಎರಡು ತಟ್ಟೆ ಹುಳು ಗೊಬ್ಬರದ ಗುಂಡಿಗೆ ಹೋಯಿತು. ಉಳಿದವು ಗಟ್ಟಿ ಗೂಡು ಕಟ್ಟಿದವು. ಅತ್ತೆ ಕೆಡಿಸಿದರೂ ಸೊಸೆಯ ಕೈಗುಣ ಉಳಿಸಿತು ಎಂದು ಬೀದಿಯೆಲ್ಲ ಮಾತಾಡಿತು. ನನಗೆ ನಾಚಿಕೆಯಿಂದ ಅನ್ನ ಇಳಿಯಲಿಲ್ಲ. ಹಿತ್ತಲಲ್ಲಿ ಅತ್ತೆಯ ಮುಂದೆ ಅತ್ತುಬಿಟ್ಟೆ.

"ಏಡವೊದ್ದಮ್ಮಾ," ಅಳಬೇಡಮ್ಮ ಎಂದು ನನ್ನ ತೆಲುಗಿನಲ್ಲೇ ಸಮಾಧಾನ ಮಾಡಿದರು. "ನನ್ನ ಕೈ ಎಂಥದ್ದು ಅಂತ ಊರಿಗೇ ಗೊತ್ತು ಕಣೇ. ನಿನ್ನದು ಇನ್ನೂ ಯಾರಿಗೂ ಗೊತ್ತಿಲ್ಲ."

ಮಾತು ಕೊಟ್ಟರೆ ಕೊಟ್ಟ ಹಾಗೆ. ಹೊಗೆಸೊಪ್ಪಿಲ್ಲದ ಎಲೆಅಡಿಕೆಯೂ ಅವರಿಗೆ ಬೇಡವಾಯಿತು; ಆಮೇಲೆ ಅವರ ಕೆನ್ನೆ ಉಬ್ಬಲೇ ಇಲ್ಲ. ಆಗಾಗ ಸಂಚಿಯ ಒಳಜೇಬಿಗೆ ಮೂಗಿಟ್ಟು ಮೂಸುತ್ತಿದ್ದರು. ನಾನು ಕಂಡರೆ, "ಏನೇ ನೋಡ್ತೀಯಾ? ಸೊಪ್ಪು ಹಾಕೋಗು" ಎಂದು ಗದರುತ್ತಿದ್ದರು.

ಸ್ವಾತಂತ್ರ್ಯ ಬಂದ ಮರುವರ್ಷ ಅತ್ತೆ ಹಾಸಿಗೆ ಹಿಡಿದರು. ನಾನು ಧೈರ್ಯ ಮಾಡಿ ಮಾವನಿಗೆ ಹೇಳಿಬಿಟ್ಟೆ: "ಅವತ್ತು ಸಂಚಿ ತಂದಿದ್ದು ನಾನು, ಮಾವ. ಈ ಸಲ ಮೊಟ್ಟೆ ತರೋದು ಬೇಡ. ಅತ್ತೆ ಹೊಗೆಸೊಪ್ಪು ಹಾಕ್ಕೊಳ್ಳಿ."

"ಗೊತ್ತಮ್ಮ," ಎಂದರು ಮಾವ. "ಹುಳದ ಮನೆಗೆ ಅದನ್ನ ತರೋಳಾ ಅವಳು?" ಮಾರನೆಯ ದಿನ ತಾವೇ ಕೋಲಾರದ ಸಂತೆಗೆ ಹೋಗಿ ಹೊಗೆಸೊಪ್ಪು ತಂದರು.

ಅತ್ತೆ ಸಂಚಿ ಬಿಚ್ಚಿದವರೇ ಒಳಜೇಬಿನಲ್ಲಿ ಹೊಗೆಸೊಪ್ಪು ಕಂಡು ಗಾಬರಿಯಾದರು. "ಮನೇಲಿ ಹುಳ ಇಲ್ವೇನೇ?"

"ಇಲ್ಲ. ಈ ಸಲ ಮೊಟ್ಟೆ ತರಿಸಲಿಲ್ಲ."

"ಒಂದು ಚೂರು ಹೊಗೆಸೊಪ್ಪಿಗೆ ಒಂದು ಬೆಳೆನೇ ಬಿಟ್ರಾ? ಹುಚ್ಚು ಮುಂಡೇವಾ!" ಎಂದು ಬೈದು, ಚೂರನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ಸವಿದರು. ಇನ್ನೂ ಇಪ್ಪತ್ತು ದಿನ ಇದ್ದರು, ಸುಖವಾಗಿ. ಕೊನೆಯ ಸಲ ಮುಖ ನೋಡಲು ಬಂದ ಬೀದಿಯ ಹೆಂಗಸರು ಎಡಗೆನ್ನೆ ಉಬ್ಬಿರುವುದನ್ನು ಕಂಡು ಅಳುವಿನ ನಡುವೆಯೂ ನಕ್ಕರು.

ಸಂಚಿ ಈಗ ನನ್ನದು. ನಾನು ಹೊಗೆಸೊಪ್ಪು ಹಾಕುವವಳಲ್ಲ. ಆದರೂ ಮೊಟ್ಟೆ ಒಡೆದ ದಿನ ಅದನ್ನು ಬೇವಿನ ಮರಕ್ಕೆ ಕಟ್ಟುತ್ತೇನೆ. ಯಾರಾದರೂ ನನ್ನ ಕೈಗುಣ ಹೊಗಳಿದರೆ ಹಿತ್ತಲಿಗೆ ಕರೆದುಕೊಂಡು ಹೋಗಿ, "ನನ್ನ ಕೈಗುಣ ಅಲ್ಲಿ ತೂಗ್ತಿದೆ ನೋಡಿ" ಎನ್ನುತ್ತೇನೆ.